ಒಂದೇ ಮಗು ಬಂದರೂ ಸೀಸೆ ತೆರೆಯಬೇಕು

ಒಂಬತ್ತು ತಿಂಗಳ ಕೂಸನ್ನು ಎತ್ತಿಕೊಂಡು, ಅಂದಿನ ಕೂಲಿ ಬಿಟ್ಟು ಅಂಗನವಾಡಿಗೆ ಬಂದ ತಾಯಿಗೆ ‘ಇನ್ನೂ ನಾಲ್ಕು ಮಕ್ಕಳು ಸೇರಬೇಕಮ್ಮ, ಮುಂದಿನ ವಾರ ಬಾ’ ಎಂಬ ಉತ್ತರ ಸಿಗುವುದುಂಟು. ಹಾಗೆ ಹೇಳುವ ಆರೋಗ್ಯ ಸಹಾಯಕಿಗೆ ಕರುಣೆಯಿಲ್ಲ ಎಂದಲ್ಲ. ದಡಾರ–ರುಬೆಲ್ಲಾ ಲಸಿಕೆಯ ಒಂದು ಸೀಸೆಯಲ್ಲಿ ಐದು ಅಥವಾ ಹತ್ತು ಮಕ್ಕಳಿಗಾಗುವಷ್ಟು ಮದ್ದಿರುತ್ತದೆ. ಪುಡಿಗೆ ದ್ರಾವಣ ಬೆರೆಸಿದ ನಾಲ್ಕು ಗಂಟೆಯೊಳಗೆ ಅದು ಮುಗಿಯಬೇಕು, ಉಳಿದದ್ದನ್ನು ಎಸೆಯಬೇಕು. ಬಿಸಿಜಿಗೂ ಇದೇ ಕಟ್ಟು. ಪೆಂಟಾವೇಲೆಂಟ್ ಸೀಸೆಯಾದರೆ ನಿಯಮದಂತೆ ಜೋಪಾನ ಮಾಡಿ 28 ದಿನ ಬಳಸಬಹುದು. ಹಾಳಾದ ಡೋಸ್‌ಗೆ ಸಹಾಯಕಿ ಲೆಕ್ಕ ಕೊಡಬೇಕು. ಬರಿಗೈಯಲ್ಲಿ ಮರಳಿದ ತಾಯಿಯ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಲಸಿಕೆ ವ್ಯವಸ್ಥೆಯ ಈ ಬಿರುಕು ನನ್ನನ್ನು ಬಹಳ ಕಾಡುತ್ತದೆ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದಂದಿನಿಂದ ಲಸಿಕೆಯನ್ನು ತಣ್ಣಗಿಡುವುದಕ್ಕೆ ದೇಶ ಬಹಳ ದುಡಿದಿದೆ. 2ರಿಂದ 8 ಡಿಗ್ರಿ ಉಷ್ಣಾಂಶ ಕಾಯುವ ಫ್ರಿಜ್‌ಗಳಿವೆ, ದಾಸ್ತಾನು ತೋರಿಸುವ ಇ–ವಿನ್ ಇದೆ, ಬಿಸಿ ತಗುಲಿದರೆ ಬಣ್ಣ ಬದಲಿಸುವ ಗುರುತು ಸೀಸೆಯ ಮೇಲೆಯೇ ಇದೆ. ಫಲವೂ ಸಿಕ್ಕಿದೆ. ಪೂರ್ಣ ಲಸಿಕೆ ಪಡೆದ ಮಕ್ಕಳ ಪ್ರಮಾಣ 2015–16ರಲ್ಲಿ ಶೇ 62 ಇದ್ದದ್ದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 76.4ಕ್ಕೆ ಏರಿತು. ಆದರೂ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಂತೆ 2024ರಲ್ಲಿ ಒಂದೂ ಡೋಸ್ ಕಾಣದ ಸುಮಾರು 9 ಲಕ್ಷ ಕೂಸುಗಳು ಭಾರತದಲ್ಲಿದ್ದವು.

ಮಹಾರಾಷ್ಟ್ರದ ಬೀಡ್ ಕಡೆಯಿಂದ ಬೆಳಗಾವಿ, ಬಾಗಲಕೋಟೆಗೆ ಕಬ್ಬು ಕಡಿಯಲು ಬರುವ ಗ್ಯಾಂಗ್‌ಗಳನ್ನು ನೆನೆಯಿರಿ. ರಾಯಚೂರು, ಯಾದಗಿರಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದು ಶೆಡ್‌ಗಳಲ್ಲಿ ಬದುಕುವವರೂ ಇದ್ದಾರೆ. ಇಂಥವರಿಗೆ ‘ಮುಂದಿನ ವಾರ’ ಎಂದರೆ ಬೇರೊಂದು ಗದ್ದೆ, ಬೇರೊಂದು ಬಡಾವಣೆ. ಲಸಿಕೆಯ ವಿವರ ಬರೆದ ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲೇ ಉಳಿದಿರಬಹುದು. ಎಲ್ಲಿ ಹಾಕಿಸಿದರೂ ದಾಖಲೆ ಸಿಗುವಂತೆ ಮಾಡುವ ಯು–ವಿನ್ ಪೋರ್ಟಲ್ ಇವರಿಗೆ ದೊಡ್ಡ ಆಸರೆ. ಆದರೆ ಚುಚ್ಚುಮದ್ದು ಬಿದ್ದರೆ ತಾನೆ ದಾಖಲೆ?

ಪೋಲಿಯೊ ಕಾಲದಲ್ಲಿ ನಾವು ರೈಲು ನಿಲ್ದಾಣ, ಇಟ್ಟಿಗೆ ಗೂಡುಗಳವರೆಗೆ ಹೋಗಿ ಮಕ್ಕಳನ್ನು ಹುಡುಕಿದೆವು. ದೇಶದಲ್ಲಿ ಕಾಡು ಪೋಲಿಯೊ ವೈರಸ್‌ಗೆ 2011ರ ಜನವರಿಯ ಹೌರಾ ಪ್ರಕರಣವೇ ಕೊನೆಯದಾಯಿತು. ಬಾಯಿಗೆ ಹನಿ ಹಾಕಲು ಸ್ವಯಂಸೇವಕರು ಸಾಕಿತ್ತು, ಸೂಜಿಗೆ ತರಬೇತಾದ ಕೈ ಬೇಕು ಎಂಬುದು ನಿಜ. ಹಾಗಾಗಿ ಉಪಕೇಂದ್ರಗಳ ಖಾಲಿ ಹುದ್ದೆ ತುಂಬದೆ ಈ ಕೆಲಸ ಆಗದು. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗ್‌ಗಳು ಬೀಡುಬಿಟ್ಟ ಕಡೆ ಸಂಜೆ ಲಸಿಕೆ ಹಾಕಬೇಕು. ಹಗಲು ಅಲ್ಲಿ ತಾಯಂದಿರು ಸಿಗುವುದಿಲ್ಲ.

ಒಂದೇ ಮಗು ಬಂದರೂ ದಡಾರ ಲಸಿಕೆಯ ಸೀಸೆ ತೆರೆಯಬೇಕು ಎನ್ನುವುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ತಾಲ್ಲೂಕು ಸಭೆಯಲ್ಲೂ ಕೇಳಿಸಬೇಕು. ಹಾಗೆ ತೆರೆದು ಉಳಿದ ಡೋಸ್ ಎಸೆದ ಸಹಾಯಕಿಗೆ ಮೇಲಧಿಕಾರಿ ಕಾರಣ ಕೇಳಿ ನೋಟಿಸ್ ಕೊಡಬಾರದು. ಸಣ್ಣ ಹಾಡಿ, ತಾಂಡಾಗಳಿಗೆ ಕಡಿಮೆ ಡೋಸ್‌ನ ಸೀಸೆ ಖರೀದಿಸಿದರೆ ಖರ್ಚು ತುಸು ಹೆಚ್ಚಾದೀತು. ಆ ಖರ್ಚನ್ನು ಬಜೆಟ್‌ನಲ್ಲೇ ಬರೆದಿಡಲಿ.