ಕಬ್ಬು ನಮ್ದು, ಕಪ್ ಯಾರ್ದು?

ಕಳೆದ ಫೆಸ್ಟ್‌ಗೆ ನಾವು 'ಕಾಂಪೋಸ್ಟೆಬಲ್' ಅಂತ ಬರೆದಿದ್ದ ಕಪ್‌ಗಳನ್ನೇ ತರಿಸಿದ್ವಿ. ಕ್ಯಾಂಟೀನ್ ಹಿಂದಿನ ಗುಂಡಿಗೆ ಹಾಕಿ, ಗೊಬ್ಬರ ಆಗುತ್ತೆ ಅಂತ ಖುಷಿಪಟ್ವಿ. ಸೆಮಿಸ್ಟರ್ ಮುಗೀತು, ಕಪ್‌ಗಳು ಹಾಗೇ ಇವೆ.

ತಪ್ಪು ಕಪ್‌ನದ್ದಲ್ಲ. ಅದು ಪಿಎಲ್‌ಎ. ಕಬ್ಬು ಅಥವಾ ಮುಸುಕಿನ ಜೋಳದ ಸಕ್ಕರೆ ಅಂಶವನ್ನು ಹುದುಗಿಸಿ, ಬಂದ ಲ್ಯಾಕ್ಟಿಕ್ ಆಮ್ಲದಿಂದ ಮಾಡುವ ಪ್ಲಾಸ್ಟಿಕ್. ಅದು ಬೇಗ ಕೊಳೆಯಲು ಸುಮಾರು 60 ಡಿಗ್ರಿ ಶಾಖ, ತೇವ, ಸೂಕ್ಷ್ಮಜೀವಿ ಎಲ್ಲ ಬೇಕು. ನಮ್ಮ ಗುಂಡಿಯಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು?

ಹಾಗಾದ್ರೆ ಕಬ್ಬಿನ ಸಿಪ್ಪೆಯ ತಟ್ಟೆ? ಅದು ಬರೀ ನಾರು; ಮೇಲೆ ಪ್ಲಾಸ್ಟಿಕ್ ಪದರ ಇಲ್ಲದಿದ್ದರೆ ಮಾಮೂಲಿ ಗುಂಡಿಯಲ್ಲೂ ಕೊಳೆಯುತ್ತೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಾದ ನಮಗೆ ಗೊತ್ತು, ಸಿಪ್ಪೆ ಕಸ ಅಲ್ಲ. ಆಲೆಮನೆ ಒಲೆ, ಕಾರ್ಖಾನೆ ಬಾಯ್ಲರ್ ಉರಿಯೋದೇ ಅದರಿಂದ. ಎಲ್ಲವನ್ನೂ ತಟ್ಟೆಗೆ ಕೊಟ್ಟರೆ ಒಲೆಗೆ ಏನು ಹಾಕೋದು, ಟೈರಾ?

1933ರಲ್ಲೇ ಮೈಷುಗರ್ ಕಟ್ಟಿದ ಊರು ನಮ್ಮದು. ಪಿಎಲ್‌ಎ ಕೂಡ ಇಲ್ಲೇ ತಯಾರಾಗಲಿ, ನಮಗೂ ಕೆಲಸ ಸಿಗಲಿ. ಆದರೆ ಅದನ್ನು ಕೊಳೆಸುವ ಘಟಕವೂ ಜೊತೆಗೇ ಬರಬೇಕು. ಅಲ್ಲಿವರೆಗೆ ಲೇಬಲ್ ನೋಡಿ ಬೀಗೋದು ಬೇಡ. ಮುಂದಿನ ಫೆಸ್ಟ್‌ಗೆ ಬಾಡಿಗೆ ಸ್ಟೀಲ್ ಲೋಟ ತರೋಣ. ತೊಳೆಯೋಕೆ ನಾವೇ ನಿಲ್ಲೋಣ.