ಕಾಕಾಗೆ ಕೊಡಬೇಕಿದ್ದ ಬಾಕಿ

ಖಾನಾಪುರದಲ್ಲಿ ನಮ್ಮದು 12 ಮಷಿನ್‌ಗಳ ಹೊಲಿಗೆ ಘಟಕ. ರೆಡಿಮೇಡ್ ಬ್ಲೌಸ್ ಹೊಲಿದು ಬೆಳಗಾವಿಯ ಅಂಗಡಿಗಳಿಗೆ ಕೊಡ್ತೀವಿ. ಬಟ್ಟೆ ಬರೋದು ವಡಗಾವಿಯ ಮಗ್ಗದವರೊಬ್ಬರಿಂದ. 9 ವರ್ಷದ ನಂಟು. ನಾನವರನ್ನ ‘ಕಾಕಾ’ ಅಂತೀನಿ. ಅಂಗಡಿಯವರು ನನಗೆ ದುಡ್ಡು ತಡ ಮಾಡಿದಾಗೆಲ್ಲ ನಾನು ಕಾಕಾಗೆ ತಡ ಮಾಡ್ತಿದ್ದೆ. ಅವರು ಕೇಳ್ತಿರಲಿಲ್ಲ. ಅದನ್ನೇ ವಿಶ್ವಾಸ ಅಂದ್ಕೊಂಡಿದ್ದೆ.

ಕಳೆದ ನಾಗರಪಂಚಮಿಗೆ ಮೂರು ವಾರ ಇರುವಾಗ ಬಟ್ಟೆ ಬರಲೇ ಇಲ್ಲ. ಖಾನಾಪುರದ ಮಳೆ ಗೊತ್ತಲ್ಲ, ಅದರಲ್ಲೇ ಬೈಕ್ ಹತ್ತಿ ವಡಗಾವಿಗೆ ಹೋದೆ. ಕಾಕಾ ಚಹಾ ಕೊಟ್ಟರು. “ನೋಡಪಾ, ನೂಲು ಕೊಡಾಂವ ನನಗ ಕಾಕಾ ಅನ್ನಂಗಿಲ್ಲ, ರೊಕ್ಕಾ ಅಂತಾನ” ಅಂದರು. ನನ್ನ ಬಟ್ಟೆ ಎಣಿಸಿ ಕೊಟ್ಟವರ ಪಾಲಾಗಿತ್ತು. ಆ ಹಬ್ಬಕ್ಕೆ ಅರ್ಧ ಆರ್ಡರ್ ಕೈಬಿಟ್ಟೆ.

ಆಡಿಟರ್ ಮೊದಲೇ ಹೇಳಿದ್ದರು: ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. 2023-24ರ ಲೆಕ್ಕದಿಂದ, ಗಡುವು ದಾಟಿದ ಬಾಕಿ ವರ್ಷದ ಕೊನೆಗೂ ಉಳಿದರೆ ಅದನ್ನು ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ. ‘ಕಾಕಾ ನಮ್ಮವರೇ’ ಅಂತ ನಕ್ಕಿದ್ದೆ.

ಈಗ ಒಂದು ಹಾಳೆ ಬರೆದಿದ್ದೇವೆ. 30 ದಿನಕ್ಕೆ ಹಣ. ಹಬ್ಬದ ಅಂದಾಜು ನಾನು ಎರಡು ತಿಂಗಳು ಮುಂಚೆ ಕೊಡಬೇಕು. ನೂಲಿನ ದರ ಏರಿದರೆ ಅವರು ಆರ್ಡರ್‌ಗೆ ಮೊದಲೇ ಹೇಳಬೇಕು. ಸಹಿ ಹಾಕುವಾಗ ನನಗೇ ಮುಜುಗರ, ಮನೆಯವರ ಹತ್ರ ಬಾಂಡ್ ಬರೆಸಿದ ಹಾಗೆ. ಕಾಕಾ ಮಾತ್ರ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಅಂಥದೇ ಹಾಳೆ ಅಂಗಡಿಯವರ ಹತ್ತಿರವೂ ಒಯ್ದೆ. ಸಹಿ ಮಾಡಿದ್ದು ಒಬ್ಬರೇ. ಉಳಿದವರು ನನ್ನನ್ನ ಪ್ರೀತಿಯಿಂದ ‘ತಮ್ಮಾ’ ಅಂತಾರೆ.