ಹಗಲು ಎಣಿಸುವ ಗೆಡ್ಡೆ

ಮಕ್ಕಳೇ, ಕಳೆದ ವರ್ಷ ಅಕ್ಟೋಬರ್‌ನಲ್ಲಿ ನಾನು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮರುದಿನವೇ ತರಕಾರಿ ಅಂಗಡಿಯಲ್ಲಿ ಬೇಸ್ತುಬಿದ್ದೆ. ಬೋರ್ಡಿನಲ್ಲಿ ‘ಯಾಮ್’ ಎಂದಿತ್ತು. ನಮ್ಮ ಕಡೆ ಯಾಮ್ ಅಂದರೆ ಸುವರ್ಣಗೆಡ್ಡೆ ತಾನೆ? ಹುಳಿ ಮಾಡೋಣವೆಂದು ಹತ್ತಿರ ಹೋದರೆ, ಅಲ್ಲಿದ್ದದ್ದು ಹೆಬ್ಬೆರಳಿನಷ್ಟು ಉದ್ದದ, ಗುಲಾಬಿ ಬಣ್ಣದ, ಮೈತುಂಬ ಸುಕ್ಕಿನ ಪುಟ್ಟ ಗೆಡ್ಡೆ!

“ಅಮ್ಮಾ, ಇದರ ನಿಜವಾದ ಹೆಸರು ಓಕಾ. ಇಲ್ಲಿಯವರು ಯಾಮ್ ಅಂತಾರೆ ಅಷ್ಟೆ,” ಎಂದಳು ಮಗಳು.

ಅರ್ಧ ಕಿಲೋ ತಂದೆವು. ಒಂದಷ್ಟು ಪಲ್ಯವಾಯಿತು. ಆಲೂಗಡ್ಡೆಗೆ ನಿಂಬೆಹಣ್ಣು ಹಿಂಡಿದಂಥ ರುಚಿ. ಉಳಿದ ಒಂಬತ್ತು ಗೆಡ್ಡೆಗಳನ್ನು ನಾನೂ ಎಂಟು ವರ್ಷದ ಮೊಮ್ಮಗಳು ಪುಟ್ಟಿಯೂ ಹಿತ್ತಲಲ್ಲಿ ಒಂದೊಂದು ಮೊಳ ಬಿಟ್ಟು ನೆಟ್ಟೆವು.

ಚಿಗುರು ಬಂದಾಗ ನನಗೆ ಇನ್ನೊಂದು ಆಶ್ಚರ್ಯ. ನಮ್ಮೂರ ಅಂಗಳದ ಅಂಚಿನಲ್ಲಿ ತಾನಾಗಿ ಹುಟ್ಟುವ, ಹಳದಿ ಹೂವಿನ, ಮೂರೆಲೆಯ ಹುಳಿಸೊಪ್ಪು ಗೊತ್ತಲ್ಲ? ಥೇಟ್ ಅದೇ ಎಲೆ, ಗಾತ್ರ ಮಾತ್ರ ದೊಡ್ಡದು. ಒಂದನ್ನು ಬಾಯಿಗೆ ಹಾಕಿಕೊಂಡೆ. ಅದೇ ಹುಳಿ! ಎರಡೂ ಒಂದೇ ಕುಲದವು.

ಓಕಾದ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳು. ಪೆರು, ಬೊಲಿವಿಯಾ ದೇಶಗಳ ರೈತರು ಇದನ್ನು 3,000ದಿಂದ 4,000 ಮೀಟರ್ ಎತ್ತರದಲ್ಲಿ ಬೆಳೆಯುತ್ತಾರೆ. ನಮ್ಮ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಇಲ್ಲ, ಲೆಕ್ಕ ಹಾಕಿ! ಅಗೆದ ಗೆಡ್ಡೆಗಳನ್ನು ಅವರು ಕೆಲವು ದಿನ ಬಿಸಿಲಿಗೆ ಹರಡುತ್ತಾರೆ. ಆಗ ಹುಳಿ ತಗ್ಗಿ ಸಿಹಿಯಾಗುತ್ತದೆ. ನಮ್ಮ ಆಲೂಗಡ್ಡೆಯೂ ಅದೇ ಬೆಟ್ಟಗಳಿಂದ ಬಂದದ್ದು. ಅಲ್ಲಿಯದೇ ಇನ್ನೊಂದು ಗೆಡ್ಡೆ ಉಲ್ಯುಕೊ, ನಮ್ಮ ಬಸಳೆಯ ಕುಟುಂಬಕ್ಕೆ ಸೇರಿದ್ದು. ಅದರ ಸೊಪ್ಪನ್ನೂ ತಿನ್ನುತ್ತಾರೆ.

ಮಾರ್ಚ್ ಬಂತು. ಗಿಡಗಳು ಪೊದೆ ಕಟ್ಟಿದ್ದವು. ಏಪ್ರಿಲ್ ಮೊದಲ ವಾರ ನಾನು ಊರಿಗೆ ಹೊರಡಬೇಕಿತ್ತು. ಒಂದು ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಪುಟ್ಟಿ ಹಿತ್ತಲಲ್ಲಿ ಅಳುತ್ತಾ ನಿಂತಿದ್ದಾಳೆ. ಕೈಯಲ್ಲಿ ಬುಡಸಮೇತ ಕಿತ್ತ ಗಿಡ. ಬೇರಿನಲ್ಲಿ ಬರೀ ಬಿಳಿ ದಾರಗಳು, ಒಂದು ಗೆಡ್ಡೆಯೂ ಇಲ್ಲ.

“ನೀವು ಹೋಗೋದ್ರೊಳಗೆ ತೋರಿಸ್ಬೇಕು ಅಂತ ಕಿತ್ತೆ ಅಜ್ಜಿ...”

ಬೈಯಲು ಬಾಯಿ ಬರಲಿಲ್ಲ. ಯಾಕೆಂದರೆ ಹಿಂದಿನ ವಾರ ಯಾರೂ ಇಲ್ಲದಾಗ ನಾನೂ ಬೆರಳಿನಿಂದ ಮಣ್ಣು ಕೆದಕಿ ನೋಡಿದ್ದೆ! ಅದನ್ನು ಅವಳಿಗೆ ಹೇಳಿಬಿಟ್ಟೆ. ಅಳು ನಿಂತಿತು. ಇಬ್ಬರೂ ಸೇರಿ ಆ ಗಿಡವನ್ನು ಮತ್ತೆ ನೆಟ್ಟು ನೀರು ಹಾಕಿದೆವು.

ಬೇಲಿಯಾಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯ ಅಜ್ಜ ಗುಟ್ಟು ಬಿಚ್ಚಿಟ್ಟರು. ಓಕಾ ಹಗಲನ್ನು ಎಣಿಸುತ್ತದಂತೆ. ಅದರ ತವರು ಭೂಮಧ್ಯರೇಖೆಗೆ ಹತ್ತಿರ. ಅಲ್ಲಿ ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆ. ಕ್ರೈಸ್ಟ್‌ಚರ್ಚ್‌ನಲ್ಲಿ ಡಿಸೆಂಬರ್ ಎಂದರೆ ಬೇಸಿಗೆ, ಹಗಲು 15 ಗಂಟೆಗೂ ಹೆಚ್ಚು. ಅಷ್ಟು ಉದ್ದದ ಹಗಲಿನಲ್ಲಿ ಗಿಡ ಎಲೆ ಬೆಳೆಸುತ್ತದೆಯೇ ಹೊರತು ಗೆಡ್ಡೆ ಕಟ್ಟುವುದಿಲ್ಲ. ಮಾರ್ಚ್ 21ರ ಸುಮಾರಿಗೆ ಹಗಲು ರಾತ್ರಿ ಸಮವಾಗಿ, ಆಮೇಲೆ ಹಗಲು ಕುಗ್ಗುತ್ತಾ ಹೋದಂತೆ ಗೆಡ್ಡೆ ಊದತೊಡಗುತ್ತದೆ. ನಾನು ವಿಮಾನ ಹತ್ತುವ ಹೊತ್ತಿಗೆ ಅದು ಕೆಲಸ ಶುರುಮಾಡಿರುತ್ತದೆ, ಅಷ್ಟೆ!

ಜೂನ್‌ನಲ್ಲಿ ಪುಟ್ಟಿಯ ವಿಡಿಯೊ ಕರೆ ಬಂತು. “ಅಜ್ಜಿ, ರಾತ್ರಿ ಹಿಮ ಬಿತ್ತು. ಎಲ್ಲಾ ಗಿಡ ಸತ್ತುಹೋಯ್ತು!” ಎಲೆಗಳು ಕಪ್ಪಾಗಿ ನೆಲಕ್ಕೊರಗಿದ್ದವು.

“ಸತ್ತಿಲ್ಲ ಕಣೇ. ಕಾಂಡದಲ್ಲಿ ಉಳಿದ ಸತ್ವ ಈಗ ಗೆಡ್ಡೆಗೆ ಇಳೀತಿದೆ. ಇನ್ನೆರಡು ವಾರ ಕೈ ಹಚ್ಚಬೇಡ.”

ಕೈ ಹಚ್ಚಲಿಲ್ಲ, ಜಾಣೆ! ಎರಡು ವಾರ ಕಳೆದು ಅಗೆದಾಗ ಬಕೆಟ್ಟಿನ ಮುಕ್ಕಾಲು ಭಾಗ ಗೆಡ್ಡೆ. ಒಂದೊಂದನ್ನೂ ತೊಳೆದು ನನಗೆ ತೋರಿಸಿದಳು. ಕಿತ್ತು ನೆಟ್ಟ ಗಿಡದಲ್ಲಿ ಐದೇ ಐದು, ಅದೂ ಕಡಲೆಕಾಯಿಯಷ್ಟು. ಅವನ್ನು ಬೇರೆ ಡಬ್ಬಿಯಲ್ಲಿಟ್ಟಿದ್ದಾಳೆ. “ಇವನ್ನ ತಿನ್ನಲ್ಲ ಅಜ್ಜಿ, ಬೀಜಕ್ಕೆ ಇಟ್ಟಿದೀನಿ. ನೀವು ಬಂದಾಗ ನೆಡೋಣ.”

ನಾನು ನೆಟ್ಟ ಗೆಡ್ಡೆಯ ರುಚಿ ನನಗಿನ್ನೂ ಗೊತ್ತಿಲ್ಲ. ಯಾರಾದರೂ ಬರುವವರ ಕೈಲಿ ತರಿಸಿಕೊಳ್ಳಿ ಎಂದವರುಂಟು. ಬೇಡ. ಗೆಡ್ಡೆಯ ಜೊತೆ ಅದರ ರೋಗವೂ ಬಂದೀತು. ಅದಕ್ಕೇ ಅನುಮತಿ ಮತ್ತು ತಪಾಸಣೆ ಇಲ್ಲದೆ ನೆಡುವ ಗೆಡ್ಡೆಯನ್ನು ನಮ್ಮ ದೇಶದೊಳಕ್ಕೆ ತರುವಂತಿಲ್ಲ.

ಓಕಾ ಇಲ್ಲದಿದ್ದರೇನು, ಹಗಲು ಎಣಿಸುವ ಗಿಡ ನಮ್ಮಲ್ಲೂ ಇದೆ. ಸೇವಂತಿಗೆ ಹಗಲು ಕುಗ್ಗಿದ ಮೇಲೇ ಮೊಗ್ಗು ಬಿಡುವುದು. ಬೆಂಗಳೂರಿನಲ್ಲಿ ಹಗಲು ಜೂನ್‌ನಲ್ಲಿ 13 ಗಂಟೆಯ ಹತ್ತಿರ, ಡಿಸೆಂಬರ್‌ನಲ್ಲಿ ಹನ್ನೊಂದೂವರೆಯ ಹತ್ತಿರ. ಈ ಭಾನುವಾರದಿಂದ ಕ್ಯಾಲೆಂಡರ್ ನೋಡಿ ಸೂರ್ಯೋದಯ, ಸೂರ್ಯಾಸ್ತ ಬರೆದಿಡಿ. ಪಕ್ಕದಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಳ್ಳಿ. ಮೊಗ್ಗು ಯಾವ ವಾರ ಕಂಡಿತೆಂದು ನನಗೂ ತಿಳಿಸಿ. ಮಧ್ಯೆ ಮಾತ್ರ ಮಣ್ಣು ಕೆದಕಬೇಡಿ!